ಸ್ಪ್ರಿಂಗನ್ನು ಅದುಮುವ ಬಗೆ

ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಾಗಲಿ, ದೇವದುರ್ಗಕ್ಕೆ ಹೋಗುವ ದಾರಿಯಲ್ಲಾಗಲಿ, ವೈಶಾಖದ ಬಿಸಿಲು ನೆತ್ತಿಯ ಮೇಲೆ ನಿಂತು, ನೆರಳಿನಲ್ಲಿಟ್ಟ ಉಷ್ಣಮಾಪಕವೂ ನಲವತ್ತು ಡಿಗ್ರಿಯ ಗೆರೆಯನ್ನು ನಿರಾಯಾಸವಾಗಿ ದಾಟುವ ಹೊತ್ತಿನಲ್ಲಿ ಓಡುವ ಒಂದು ಸಾಧಾರಣ ಕಾರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿದೆಯೆಂದು ಭಾವಿಸಿದರೆ, ಅದರ ಒಂದೊಂದು ವಾಲ್ವೂ ನಿಮಿಷಕ್ಕೆ 1500 ಬಾರಿ, ಎಂದರೆ ಸೆಕೆಂಡಿಗೆ 25 ಬಾರಿ, ತೆರೆದು ಮುಚ್ಚುತ್ತಿರುತ್ತದೆ. ತೆರೆಯುವ ಕಾರ್ಯವನ್ನು ಕ್ಯಾಮ್ ಷಾಫ್ಟು ನಿರ್ವಹಿಸುತ್ತದೆ. ಮುಚ್ಚುವ ಕಾರ್ಯವಾದರೋ ಆ ವಾಲ್ವಿನ ಕಾಂಡವನ್ನು ಸುತ್ತುವರಿದು ನಿಂತ ಒಂದು ಉಕ್ಕಿನ ಸುರುಳಿಯ ಪಾಲಿಗೆ ಬಂದಿದೆ. ಒಂದೇ ತಾಸಿನ ಪ್ರಯಾಣದಲ್ಲಿ ತೊಂಬತ್ತು ಸಾವಿರ ಬಾರಿ ಕುಗ್ಗಿ ಹಿಗ್ಗುವ ಈ ಸುರುಳಿಯು ವರ್ಷಾನುಗಟ್ಟಲೆ ದಣಿಯದೆ ದುಡಿಯುವುದೇ ಆಶ್ಚರ್ಯವಲ್ಲದೆ, ಎಂದಾದರೊಂದು ದಿನ ಸೋತು ಕುಳಿತುಕೊಳ್ಳುವುದು ಆಶ್ಚರ್ಯವಲ್ಲ.

ಸೋಲುವ ಕ್ರಮವೂ ಹಲವು ತೆರನಾಗಿದೆ. ತಂತಿಯ ಮೇಲ್ಮೈಯಲ್ಲಿ ತುಕ್ಕು ಹಿಡಿದು ಬಿದ್ದ ಒಂದು ಸೂಕ್ಷ್ಮವಾದ ಗುಳಿಯಿಂದ ಬಿರುಕು ಆರಂಭವಾಗಿ ಸುರುಳಿ ಎರಡು ತುಂಡಾಗಬಹುದು. ಅಥವಾ ತುಂಡಾಗದೆ, ತಾಪದಿಂದಲೂ ಬಳಲಿಕೆಯಿಂದಲೂ ತನ್ನ ಸಹಜವಾದ ಉದ್ದದಲ್ಲಿ ಒಂದೆರಡು ಮಿಲಿಮೀಟರನ್ನು ಕಳೆದುಕೊಂಡು, ವೇಗ ಹೆಚ್ಚಿದಾಗ ಕ್ಯಾಮಿನ ಬೆನ್ನು ಬಿಡದೆ ಹಿಂಬಾಲಿಸುವ ಶಕ್ತಿಯನ್ನು ಕಳೆದುಕೊಳ್ಳಬಹುದು. ಆಗ ಗಾಡಿ ಮಿಸ್ಸಿಂಗ್ ಹೊಡೆಯುತ್ತದೆ, ಪಿಕಪ್ಪು ಇಲ್ಲವಾಗುತ್ತದೆ. ಆದರೆ ನಮ್ಮ ಜಿಲ್ಲೆಯ ಗ್ಯಾರೇಜುಗಳಲ್ಲಿ ಸ್ಪ್ರಿಂಗಿನ ಮೇಲೆ ಕೈ ಹಾಕುವ ಪ್ರಸಂಗಗಳಲ್ಲಿ ಹೆಚ್ಚಿನವು ಸ್ಪ್ರಿಂಗಿನ ಸಲುವಾಗಿ ಬಂದವಲ್ಲ. ಅದರ ಕೆಳಗೆ ವಾಲ್ವಿನ ಕಾಂಡವನ್ನು ಅಪ್ಪಿಕೊಂಡು ಕುಳಿತ ರಬ್ಬರಿನ ಆಯಿಲ್ ಸೀಲು ಕಾವಿಗೆ ಸಿಕ್ಕಿ ಕೊರಡಿನಂತೆ ಬಿರುಸಾಗಿ, ಬೆಳಿಗ್ಗೆ ಗಾಡಿ ಚಾಲೂ ಮಾಡಿದೊಡನೆ ಹಿಂದಿನ ಕೊಳವೆಯಿಂದ ನೀಲಿ ಹೊಗೆ ಕಾಣಿಸಿಕೊಂಡಾಗ, ಆ ಸೀಲನ್ನು ಬದಲಿಸಬೇಕಾದರೂ ಮೊದಲು ಸ್ಪ್ರಿಂಗನ್ನು ತೆಗೆಯಲೇಬೇಕು. ರೋಗ ಯಾವುದೇ ಇರಲಿ, ಬೇಕಾಗುವ ಉಪಕರಣ ಒಂದೇ: ಸ್ಪ್ರಿಂಗನ್ನು ಅದುಮುವ ಕಂಪ್ರೆಸರು.

ಈ ಉಪಕರಣವು ಏಕೆ ಬೇಕೆಂಬುದನ್ನು ತಿಳಿಯಬೇಕಾದರೆ ಸ್ಪ್ರಿಂಗು ಕುಳಿತಿರುವ ಪರಿಯನ್ನು ಸ್ವಲ್ಪ ಸಮೀಪದಿಂದ ನೋಡಬೇಕು. ಸ್ಪ್ರಿಂಗಿನ ನೆತ್ತಿಯ ಮೇಲೆ ಒಂದು ಉಕ್ಕಿನ ಬಟ್ಟಲಿದೆ. ಬಟ್ಟಲಿನ ನಡುವೆ ಕೆಳಗೆ ಕಿರಿದಾಗುತ್ತ ಹೋಗುವ ರಂಧ್ರವಿದೆ. ಆ ರಂಧ್ರದೊಳಗೆ, ಒಂದು ಪುಟ್ಟ ಶಂಕುವನ್ನು ಉದ್ದಕ್ಕೆ ಸೀಳಿದಂತಿರುವ ಎರಡು ಅರೆಹೋಳುಗಳು ವಾಲ್ವಿನ ಕಾಂಡದ ಗೀರಿಗೆ ತಮ್ಮ ಒಳಗಣ ಅಂಚನ್ನು ಸಿಕ್ಕಿಸಿಕೊಂಡು ಕುಳಿತಿವೆ. ಇವುಗಳಿಗೆ ಗ್ಯಾರೇಜಿನವರು ಲಾಕು ಎನ್ನುತ್ತಾರೆ. ಸಣ್ಣ ಕಾರುಗಳಲ್ಲಿ ಒಂದೊಂದೂ ಹತ್ತಿಕಾಳಿಗಿಂತ ಬಹಳ ದೊಡ್ಡದಾಗಿರುವುದಿಲ್ಲ. ಸ್ಪ್ರಿಂಗು ಬಟ್ಟಲನ್ನು ಮೇಲಕ್ಕೆ ಒತ್ತಿದಷ್ಟೂ ಈ ಹೋಳುಗಳು ಕಾಂಡವನ್ನು ಬಿಗಿಯಾಗಿ ಕಚ್ಚುತ್ತವೆ. ತಿರುಪಿಲ್ಲ, ಮೊಳೆಯಿಲ್ಲ, ಬೆಸುಗೆಯಿಲ್ಲ, ಒತ್ತಡವೇ ಬೀಗ. ಆದುದರಿಂದ ಈ ಬೀಗವನ್ನು ತೆರೆಯುವವನು ಹತ್ತಾರು ಕಿಲೋ ಭಾರಕ್ಕೆ ಸಮನಾದ ಒತ್ತಡವನ್ನು ಎದುರಿಸಿ ಬಟ್ಟಲನ್ನು ಕೆಳಕ್ಕೆ ಅದುಮಿ ಹಿಡಿದು, ಅದೇ ಕಾಲದಲ್ಲಿ ಬಟ್ಟಲಿನ ನಟ್ಟನಡುವೆ ಬೆರಳನ್ನೋ ಚಿಮಟವನ್ನೋ ಆಡಿಸುವಷ್ಟು ಎಡೆಯನ್ನೂ ಉಳಿಸಿಕೊಳ್ಳಬೇಕು. ಒತ್ತಬೇಕಾದ ಸ್ಥಳವೂ ಕೈಯಾಡಬೇಕಾದ ಸ್ಥಳವೂ ಒಂದೇ ಆಗಿರುವುದೇ ಇಲ್ಲಿಯ ಸಂಕಟ; ಮಾರುಕಟ್ಟೆಯಲ್ಲಿರುವ ನಾನಾ ರೂಪದ ಕಂಪ್ರೆಸರುಗಳೆಲ್ಲವೂ ಈ ಒಂದು ಸಂಕಟಕ್ಕೆ ನಾನಾ ಜನರು ಕಂಡುಕೊಂಡ ಪರಿಹಾರಗಳೇ ಆಗಿವೆ.

ಹೀಗಾಗಿ ಅಂಗಡಿಯ ಮುಂದೆ ನಿಂತವನು ಉಪಕರಣದ ದಪ್ಪವನ್ನೂ ಹೊಳಪನ್ನೂ ನೋಡಿ ಮರುಳಾಗದೆ ಎರಡನ್ನು ಪರೀಕ್ಷಿಸಬೇಕೆಂದು ನನ್ನ ಅಭಿಪ್ರಾಯ. ಅದು ವಾಲ್ವಿನ ಅಕ್ಷದ ನೇರಕ್ಕೆ ಒತ್ತುತ್ತದೆಯೇ ಎಂಬುದು ಒಂದು. ಲಾಕನ್ನು ತೆಗೆಯಲು ಬಿಟ್ಟಿರುವ ಕಿಂಡಿ ನಮ್ಮ ಎಂಜಿನಿಗೆ ಸಾಲುತ್ತದೆಯೇ ಎಂಬುದು ಇನ್ನೊಂದು. ಬಲದ ಚಿಂತೆಯನ್ನು ಬಿಟ್ಟುಬಿಡಬಹುದು. ಒಂದು ಸಾಮಾನ್ಯ ತಿರುಪು ಕೂಡ ಕಾರಿನ ಸ್ಪ್ರಿಂಗು ಬೇಡುವುದಕ್ಕಿಂತ ಹೆಚ್ಚಿನ ಬಲವನ್ನು ಕೊಡಬಲ್ಲದು. ಓರೆಯಾಗಿ ಒತ್ತುವ ಉಪಕರಣ ಮಾತ್ರ ಬಟ್ಟಲನ್ನು ವಾಲಿಸಿ, ಲಾಕಿನ ಒಂದು ಹೋಳನ್ನು ಸಡಿಲಿಸಿ ಮತ್ತೊಂದನ್ನು ಇನ್ನಷ್ಟು ಕಚ್ಚಿಸಿ, ಕಾಂಡಕ್ಕೆ ಗೀರೆಳೆದು, ಕೊನೆಗೆ ಜಾರಿ ಚಿಮ್ಮುತ್ತದೆ. ಚಿಮ್ಮಿದ ಬಟ್ಟಲು ಎದುರಿಗಿರುವವನ ಕಣ್ಣಿನ ಗೊಡವೆಗೆ ಹೋಗದೆ ಬಿಡುವುದು ಕೇವಲ ದೈವಯೋಗ. ಕನ್ನಡಕ ಧರಿಸದೆ ಈ ಕೆಲಸಕ್ಕೆ ಕೂಡಬಾರದು.

ಹೆಡ್ಡನ್ನು ಇಳಿಸಿ ಕೆಲಸ ಮಾಡುವುದೇ ಅಥವಾ ಎಂಜಿನಿನ ಮೇಲೆಯೇ ಇರಗೊಟ್ಟು ಮಾಡುವುದೇ ಎಂಬುದು ಇತ್ಯರ್ಥವಾಗದೆ ಉಪಕರಣದ ಆಯ್ಕೆಯೂ ಇತ್ಯರ್ಥವಾಗದು. ಗ್ಯಾಸ್ಕೆಟ್ಟು ಸುಟ್ಟೋ ವಾಲ್ವು ಗ್ರೈಂಡಿಂಗಿಗಾಗಿಯೋ ಹೆಡ್ಡು ಹೇಗೂ ಕೆಳಗಿಳಿದಿದ್ದರೆ, ಇಂಗ್ಲಿಷಿನ ಸಿ ಅಕ್ಷರದ ಆಕಾರದ ಕ್ಲಾಂಪಿಗೆ ಸಮನಾದುದು ಬೇರೊಂದಿಲ್ಲ. ಅದರ ಒಂದು ತುದಿ ದಹನಕೋಷ್ಠದ ಕಡೆಯಿಂದ ವಾಲ್ವಿನ ಮುಖಕ್ಕೆ ಆನಿಕೊಳ್ಳುತ್ತದೆ. ಇನ್ನೊಂದು ತುದಿಯ ಬಳೆಯು ಬಟ್ಟಲಿನ ಮೇಲೆ ಕೂಡುತ್ತದೆ. ತಿರುಪನ್ನು ತಿರುಗಿಸಿದಂತೆ ಎರಡೂ ತುದಿಗಳು ಒಂದೇ ಸರಳರೇಖೆಯ ಮೇಲೆ ಪರಸ್ಪರ ಸಮೀಪಿಸುತ್ತವೆ. ಇದನ್ನು ಕೊಳ್ಳುವ ಮೊದಲು ಹೆಡ್ಡಿನ ಅಂಚಿನಿಂದ ಅತ್ಯಂತ ಒಳಗಿರುವ ವಾಲ್ವಿನವರೆಗಿನ ದೂರವನ್ನು ಅಳೆದುಕೊಳ್ಳಬೇಕು. ಕ್ಲಾಂಪಿನ ಕೊರಳು ಅದಕ್ಕಿಂತ ಆಳವಾಗಿರದಿದ್ದರೆ ಹೊರಸಾಲಿನ ವಾಲ್ವುಗಳನ್ನು ಮುಗಿಸಿ ಒಳಸಾಲಿಗೆ ಬಂದಾಗ ಅದು ಹೆಡ್ಡಿನ ಗೋಡೆಗೆ ತಾಗಿ ನಿಂತುಬಿಡುತ್ತದೆ. ತಿರುಪಿನ ಎಳೆ ಚೂಪಾಗಿರದೆ ಚೌಕವಾಗಿಯೋ ಅಗಲವಾಗಿಯೋ ಕತ್ತರಿಸಿದ್ದಾಗಿರಬೇಕು. ಚೂಪು ಎಳೆ ಭಾರಕ್ಕೆ ಬೇಗ ಸವೆಯುತ್ತದೆ. ಬಳೆಯನ್ನು ಬೆರಳಿನಿಂದ ಅಲುಗಿಸಿ ನೋಡಿ: ತುಸು ಹೊರಳಾಡುವುದು ಗುಣ, ಲೊಡಲೊಡನೆ ಅಲ್ಲಾಡುವುದು ದೋಷ.

ಮಾನ್ವಿಯಲ್ಲಿ ಒಂದು ವಿಶೇಷ ತೊಡಕುಂಟು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಭತ್ತದ ಸೀಮೆಯಾದ ಆ ಭಾಗದಲ್ಲಿ ಗ್ಯಾರೇಜುಗಳು ಬದುಕುವುದು ಮುಖ್ಯವಾಗಿ ಟ್ರ್ಯಾಕ್ಟರು, ಕೊಯ್ಲಿನ ಯಂತ್ರ, ಡೀಸೆಲ್ ಪಂಪುಗಳ ಮೇಲೆ. ಆದುದರಿಂದ ಅಲ್ಲಿಯ ಗೋಡೆಗೆ ತೂಗಿರುವ ಕ್ಲಾಂಪು ಬಹುತೇಕ ಆ ದೊಡ್ಡ ಹೆಡ್ಡುಗಳ ಅಳತೆಗೆ ಒಪ್ಪುವಂಥದು. ಅದೇ ಕ್ಲಾಂಪನ್ನು ಮಾರುತಿ ವ್ಯಾಗನ್ ಆರ್‌ನ ಹೆಡ್ಡಿಗೆ ತಂದರೆ ಅದರ ಬಳೆ ಬಟ್ಟಲಿಗಿಂತ ಅಗಲವಾಗಿ, ಬಟ್ಟಲಿನ ಅಂಚನ್ನು ಹಿಡಿಯುವ ಬದಲು ಸುತ್ತಲಿನ ಅಲ್ಯುಮಿನಿಯಮ್ಮಿನ ಮೇಲೆ ಕುಳಿತುಬಿಡುತ್ತದೆ. ಬಲವಂತ ಮಾಡಿದವನಿಗೆ ಹೊಸ ಹೆಡ್ಡಿನ ಖರ್ಚು ಖಚಿತ. ಈಚಿನ ಪೆಟ್ಟಿಗೆಗಳಲ್ಲಿ ಒಂದೇ ಕ್ಲಾಂಪಿನೊಡನೆ 16 ಮಿಲಿಮೀಟರಿನಿಂದ 30 ಮಿಲಿಮೀಟರಿನ ಆಸುಪಾಸಿನವರೆಗೆ ನಾಲ್ಕೈದು ಅಳತೆಯ ಬದಲಿ ಬಳೆಗಳು ಬರುತ್ತವೆ. ಕಾರಿಗಾಗಿ ಕೊಳ್ಳುವವರು ಆ ಬಳೆಗಳಿಲ್ಲದ ಕ್ಲಾಂಪನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಮುಟ್ಟದಿರುವುದು ಲೇಸು.

ಹಳೆಯ ಗಾಡಿಗಳು ಈ ವಿಷಯದಲ್ಲಿ ಉದಾರಿಗಳಾಗಿದ್ದವು. 2014ರಲ್ಲಿ ಉತ್ಪಾದನೆ ನಿಂತ ಅಂಬಾಸಡರಿನ 1489 ಸಿಸಿ ಪೆಟ್ರೋಲ್ ಎಂಜಿನಿನಲ್ಲಿ ವಾಲ್ವಿನ ಕಾಂಡವು ಎಂಟು ಮಿಲಿಮೀಟರಿಗೂ ಮಿಕ್ಕ ದಪ್ಪದ್ದು. ಸ್ಪ್ರಿಂಗುಗಳು ಮುಚ್ಚಳ ತೆಗೆದೊಡನೆ ಬಟಾಬಯಲಿನಲ್ಲಿ ಕಾಣಿಸುತ್ತವೆ. ರಾಕರ್ ಷಾಫ್ಟನ್ನು ಬಿಚ್ಚಿ, ಅದನ್ನು ಹಿಡಿದಿದ್ದ ಸ್ಟಡ್ಡಿಗೇ ಕೊಕ್ಕೆ ಸಿಕ್ಕಿಸಿ, ಒಂದು ಉದ್ದನೆಯ ಸನ್ನೆಗೋಲಿನಿಂದ ಬಟ್ಟಲನ್ನು ಅದುಮುವ ಪದ್ಧತಿ ಅಲ್ಲಿ ಸಲ್ಲುತ್ತಿತ್ತು. ಸನ್ನೆಗೋಲಿನ ತುದಿಯು ನೇರವಾಗಿ ಇಳಿಯದೆ ವೃತ್ತದ ಒಂದು ಕಂಸದಲ್ಲಿ ಇಳಿಯುತ್ತದೆಯಾದರೂ, ಅಷ್ಟು ದಪ್ಪದ ಕಾಂಡವು ಆ ಅಲ್ಪವಾದ ಓರೆಯನ್ನು ಸಹಿಸಿಕೊಳ್ಳುತ್ತಿತ್ತು. ಜೀಪಿನ ಕಥೆ ಇನ್ನೂ ಬೇರೆ. ವಿಲ್ಲಿಸ್ ಜೀಪಿನ ಮೊದಲಿನ ಎಂಜಿನಿನಲ್ಲಿ ವಾಲ್ವುಗಳು ಹೆಡ್ಡಿನಲ್ಲಿರದೆ ಬ್ಲಾಕಿನ ಪಕ್ಕದಲ್ಲಿ ತಲೆ ಮೇಲಾಗಿ ನಿಂತಿದ್ದವು. ಅದರ ನಂತರದ ಹರಿಕೇನ್ ಎಂಜಿನಿನಲ್ಲಿ ಗಾಳಿ ಎಳೆಯುವ ವಾಲ್ವು ಹೆಡ್ಡಿಗೆ ಏರಿ, ಹೊಗೆ ಬಿಡುವ ವಾಲ್ವು ಬ್ಲಾಕಿನಲ್ಲಿಯೇ ಉಳಿಯಿತು. ಮಹೀಂದ್ರದ ಹಳೆಯ ಪೆಟ್ರೋಲ್ ಜೀಪನ್ನು ಇನ್ನೂ ಪ್ರೀತಿಯಿಂದ ಸಾಕಿಕೊಂಡಿರುವವರು ಅದರ ಬ್ಲಾಕಿನ ಪಕ್ಕದ ಮುಚ್ಚಳ ತೆಗೆದು, ಇಕ್ಕಳದಂತೆ ಬಾಯಿ ತೆರೆಯುವ ಬೇರೆಯೇ ಒಂದು ಉಪಕರಣವನ್ನು ಒಳಗೆ ತೂರಿಸಿ ಸ್ಪ್ರಿಂಗನ್ನು ಕೆಳಗಿನಿಂದ ಮೇಲಕ್ಕೆ ಎತ್ತಬೇಕಾಗುತ್ತದೆ. ಸಿ ಕ್ಲಾಂಪು ಅಲ್ಲಿ ನಿರುಪಯೋಗಿ. ಅಂಥ ಇಕ್ಕಳ ಹಳೆಯ ಉಸ್ತಾದರ ಪೆಟ್ಟಿಗೆಯ ತಳದಲ್ಲಿ ಸಿಕ್ಕೀತು, ಹೊಸ ಅಂಗಡಿಯಲ್ಲಿ ಸಿಕ್ಕದು. ಈ ಉಸ್ತಾದರ ಪರಂಪರೆಗೂ ಒಂದು ಹಿನ್ನೆಲೆಯಿದೆ. ರಾಯಚೂರು 1956ರವರೆಗೆ ಹೈದರಾಬಾದಿಗೆ ಸೇರಿದ್ದಿತು. ಆ ಸಂಸ್ಥಾನದ ರೈಲ್ವೆಯು 1932ರಲ್ಲಿಯೇ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಪಾನಾ ಹಿಡಿಯುವುದನ್ನು ಪುಸ್ತಕದಿಂದಲ್ಲದೆ ಉಸ್ತಾದನ ಕೈಕೆಳಗೆ ಚೇಲಾ ಆಗಿ ನಿಂತು ಕಲಿಯುವ ರೂಢಿ ಇಂದಿಗೂ ಇಲ್ಲಿಯ ಗ್ಯಾರೇಜುಗಳಲ್ಲಿ ಜೀವಂತವಾಗಿದೆ.

ಈಗಿನ ಕಾರುಗಳಿಗೆ ಬರೋಣ. 1983ರ ಮಾರುತಿ 800ರಲ್ಲಿ ಮೂರು ಸಿಲಿಂಡರಿಗೆ ಆರು ವಾಲ್ವುಗಳಿದ್ದವು, ತಲೆಯ ಮೇಲೆ ಒಂದೇ ಕ್ಯಾಮ್ ಷಾಫ್ಟು. ಇಂದಿನ ಅದೇ ಮನೆತನದ ಕೆ ಸರಣಿಯ ಎಂಜಿನಿನಲ್ಲಿ ಅಷ್ಟೇ ಸಿಲಿಂಡರುಗಳಿಗೆ ಹನ್ನೆರಡು ವಾಲ್ವುಗಳು, ಎರಡು ಕ್ಯಾಮ್ ಷಾಫ್ಟುಗಳು. ಸ್ಥಳ ಅಷ್ಟೇ, ನಿವಾಸಿಗಳು ಇಮ್ಮಡಿ. ಆದ್ದರಿಂದ ಕಾಂಡವೂ ಬಟ್ಟಲೂ ಕೃಶವಾಗಿವೆ, ಮತ್ತು ಸ್ಪ್ರಿಂಗು ಬಯಲಿನಲ್ಲಿರದೆ ಒಂದು ಆಳವಾದ ಬಾವಿಯ ತಳದಲ್ಲಿದೆ. ಆ ಬಾವಿಯ ಗೋಡೆ ಬರಿಯ ಗೋಡೆಯಲ್ಲ, ಅದರೊಳಗೆ ಟ್ಯಾಪೆಟ್ಟಿನ ಬಕೆಟ್ಟು ಕೂದಲೆಳೆಯ ಎಡೆಯಲ್ಲಿ ಮೇಲೆ ಕೆಳಗೆ ಜಾರುತ್ತಿರುತ್ತದೆ. ಅಲ್ಲಿ ಉಪಕರಣದ ಒಂದು ಗೀರು ಬಿದ್ದರೂ ಬಕೆಟ್ಟು ಮುಂದೆಂದೋ ಸಿಕ್ಕಿಕೊಳ್ಳುವುದಕ್ಕೆ ದಾರಿಯಾಗುತ್ತದೆ. ಇಂಥ ಹೆಡ್ಡಿಗೆ ಬೇಕಾದುದು ಉದ್ದನೆಯ, ತೆಳುಗೋಡೆಯ, ಎದುರುಬದುರು ಕಿಂಡಿ ಕೊರೆದ ಕೊಳವೆಯಂಥ ತುದಿ. ಕೆಲವು ಜಾಣರು ಪ್ಲಾಸ್ಟಿಕ್ಕಿನ ಹಳೆಯ ಫಿಲ್ಮ್ ಡಬ್ಬಿಯನ್ನು ಕತ್ತರಿಸಿ ಬಾವಿಯ ಗೋಡೆಗೆ ಕವಚವಾಗಿ ಇಳಿಸುತ್ತಾರೆ. ಇದು ನಗುವ ವಿಷಯವಲ್ಲ, ಅನುಕರಣೀಯ.

ಈ ಕೊಳವೆಯನ್ನು ಅಂಗಡಿಯಿಂದಲೇ ತರಬೇಕೆಂದಿಲ್ಲ. ಲೇತ್ ಇರುವಲ್ಲಿ ತಾಸೊಪ್ಪತ್ತಿನ ಕೆಲಸ. ಬಟ್ಟಲಿನ ಮೇಲ್ಭಾಗದ ವ್ಯಾಸಕ್ಕಿಂತ ತುಸು ಕಿರಿದಾದ ಹೊರವ್ಯಾಸದ, ಲಾಕು ಕುಳಿತ ರಂಧ್ರಕ್ಕಿಂತ ತುಸು ಹಿರಿದಾದ ಒಳವ್ಯಾಸದ ಉಕ್ಕಿನ ಪೈಪಿನ ತುಂಡೊಂದನ್ನು ಆರಿಸಿ, ಅದರ ಕೆಳತುದಿಯನ್ನು ಲೇತಿನಲ್ಲಿ ಅಕ್ಷಕ್ಕೆ ಲಂಬವಾಗುವಂತೆ ಸಮ ಮಾಡಿ, ತುದಿಯಿಂದ ತುಸು ಮೇಲೆ ಎದುರುಬದುರಾಗಿ ಎರಡು ಕಿಂಡಿಗಳನ್ನು ಚಿಮಟ ಹೋಗುವಷ್ಟು ಅಗಲಕ್ಕೆ ಕತ್ತರಿಸಿ, ಅಂಚುಗಳನ್ನು ಅರದಿಂದ ಉಜ್ಜಿ ನುಣುಪಾಗಿಸಿ, ಮೇಲ್ತುದಿಯನ್ನು ಒಂದು ಗಟ್ಟಿಯಾದ ಬಡಗಿಯ ಜಿ ಕ್ಲಾಂಪಿನ ಹೊರಳುವ ಪಾದಕ್ಕೆ ಬೆಸೆದರೆ ಉಪಕರಣ ಸಿದ್ಧ. ಅಕ್ಕಿಗಿರಣಿ, ಹತ್ತಿಗಿರಣಿಗಳ ಯಂತ್ರಭಾಗಗಳನ್ನು ರಿಪೇರಿ ಮಾಡಿ ಪಳಗಿದ ರಾಯಚೂರಿನ ಲೇತಿನ ಕೆಲಸಗಾರನಿಗೆ ಇದು ಎಡಗೈಯ ಆಟ. ಲಂಬವಾಗಿ ಸಮ ಮಾಡುವ ಹಂತವನ್ನು ಮಾತ್ರ ಆತ ಗರಗಸದಿಂದ ಮುಗಿಸಿಬಿಡದಂತೆ ಪಕ್ಕದಲ್ಲಿ ನಿಂತು ನೋಡಿಕೊಳ್ಳಬೇಕು. ನೇರವಾಗಿ ಒತ್ತುವ ಗುಣ ಹುಟ್ಟುವುದೂ ಸಾಯುವುದೂ ಅಲ್ಲಿಯೇ.

ಹೆಡ್ಡನ್ನು ಇಳಿಸದೆ ಬರಿಯ ಸೀಲನ್ನು ಬದಲಿಸಬೇಕೆಂಬ ಆಸೆ ಸಹಜವಾದದ್ದು, ಏಕೆಂದರೆ ಹೆಡ್ಡು ಇಳಿಯಿತೆಂದರೆ ಗ್ಯಾಸ್ಕೆಟ್ಟು, ಕೂಲೆಂಟು, ಬೋಲ್ಟುಗಳ ಬಿಗಿತದ ಲೆಕ್ಕ, ಇವೆಲ್ಲದರ ಖರ್ಚೂ ಏರಿತೆಂದೇ ಅರ್ಥ. ಆದರೆ ಹೆಡ್ಡು ಮೇಲಿರುವಾಗ ಲಾಕು ತೆಗೆದೊಡನೆ ವಾಲ್ವನ್ನು ಹಿಡಿಯುವವರು ಯಾರೂ ಇಲ್ಲ. ಅದು ಸಿಲಿಂಡರಿನೊಳಕ್ಕೆ ಜಾರಿದರೆ ಉಳಿಸಬೇಕೆಂದಿದ್ದ ಹೆಡ್ಡಿನ ಕೆಲಸವೇ ಮೈಮೇಲೆ ಬೀಳುತ್ತದೆ. ಇದನ್ನು ತಡೆಯಲು ಎರಡು ಉಪಾಯಗಳಿವೆ. ಪ್ಲಗ್ಗಿನ ರಂಧ್ರಕ್ಕೆ ಅಡಾಪ್ಟರನ್ನು ತಿರುಪಿ, ಪಂಕ್ಚರ್ ಅಂಗಡಿಯ ಕಂಪ್ರೆಸರಿನಿಂದ 80ರಿಂದ 100 ಪಿಎಸ್‌ಐ ಗಾಳಿಯನ್ನು ತುಂಬಿ, ಗಾಳಿಯ ಒತ್ತಡದಿಂದಲೇ ವಾಲ್ವನ್ನು ಮೇಲೆತ್ತಿ ಹಿಡಿಯುವುದು ಮೊದಲನೆಯದು. ಪಿಸ್ಟನ್ನು ಸರಿಯಾಗಿ ನೆತ್ತಿಯಲ್ಲಿರದಿದ್ದರೆ ಆ ಗಾಳಿಯೇ ಅದನ್ನು ಕೆಳಗೆ ತಳ್ಳಿ ಕ್ರ್ಯಾಂಕನ್ನು ತಿರುಗಿಸುತ್ತದೆ, ಪಾನಾ ಹಿಡಿದ ಕೈಗೆ ಅದು ಒಳ್ಳೆಯದಲ್ಲ. 1720 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರವನ್ನು ಶಕ್ತಿನಗರದಲ್ಲಿಟ್ಟುಕೊಂಡಿರುವ ಜಿಲ್ಲೆಯೇ ಆದರೂ ಬೇಸಗೆಯ ಮಧ್ಯಾಹ್ನ ಕರೆಂಟು ಹೋಗುವುದೇ ಇಲ್ಲವೆಂದು ಭರವಸೆ ಕೊಡುವವರು ಯಾರು? ಸೋರುವ ವಾಲ್ವಿನ ಎದುರು ಟ್ಯಾಂಕಿನಲ್ಲಿ ಉಳಿದ ಗಾಳಿ ಬಹಳ ಹೊತ್ತು ನಿಲ್ಲುವುದಿಲ್ಲ.

ಎರಡನೆಯದು ಹಗ್ಗದ ಉಪಾಯ. ಪಿಸ್ಟನ್ನನ್ನು ನೆತ್ತಿಗಿಂತ ಕೆಳಗಿಟ್ಟು, ಪ್ಲಗ್ಗಿನ ರಂಧ್ರದಲ್ಲಿ ಸಲೀಸಾಗಿ ಇಳಿಯುವ ನುಣುಪಾದ ನೈಲಾನ್ ಹಗ್ಗವನ್ನು ಮೊಳಗಟ್ಟಲೆ ಒಳಗೆ ತುರುಕಿ, ಹೊರಗೆ ಉಳಿದ ತುದಿಗೆ ಗಂಟು ಹಾಕಿ, ಕ್ರ್ಯಾಂಕನ್ನು ಕೈಯಿಂದ ಮೆಲ್ಲನೆ ತಿರುಗಿಸಿದರೆ, ಹಗ್ಗದ ಉಂಡೆಯು ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಮೆತ್ತೆಯಾಗಿ ಒತ್ತಿಕೊಂಡು ವಾಲ್ವನ್ನು ಅದರ ಪೀಠಕ್ಕೆ ಅದುಮಿ ಹಿಡಿಯುತ್ತದೆ. ಇದಕ್ಕೆ ವಿದ್ಯುತ್ತು ಬೇಡ, ಗಾಳಿಯ ಕಂಪ್ರೆಸರು ಬೇಡ; ನನಗಂತೂ ದೇವದುರ್ಗದಂಥ ಊರಿಗೆ ಗಾಳಿಗಿಂತ ಹಗ್ಗವೇ ಯೋಗ್ಯವೆಂದು ತೋರುತ್ತದೆ. ಹತ್ತಿಯ ಸೀಮೆಯೆಂದು ಮನೆಯಲ್ಲಿದ್ದ ನೂಲಿನ ಹಗ್ಗವನ್ನು ಮಾತ್ರ ಬಳಸಬಾರದು, ಅದರ ಎಳೆಗಳು ಹರಿದು ಒಳಗೆ ಉಳಿಯುತ್ತವೆ. ಹೆಡ್ಡಿನ ಮೇಲೆ ಒತ್ತುವ ಕೆಲಸಕ್ಕೆ ಇಲ್ಲಿ ಸಿ ಕ್ಲಾಂಪು ಬಾರದು, ಏಕೆಂದರೆ ಅದರ ಕೆಳತುದಿಗೆ ಹೋಗಲು ದಾರಿಯಿಲ್ಲ. ಕ್ಯಾಮ್ ಷಾಫ್ಟಿನ ಮುಚ್ಚಳದ ಬೋಲ್ಟುಗಳಿಗೆ ಅಡ್ಡಲಾಗಿ ಕಟ್ಟುವ ಸೇತುವೆಯಂಥ ಪಟ್ಟಿಯೂ ಅದರ ಮೇಲೆ ಸರಿದಾಡುವ ತಿರುಪೂ ಬೇಕು. ಸೇತುವೆಯ ಉಪಕರಣ ದುಬಾರಿ, ಆದರೆ ನೇರವಾಗಿ ಒತ್ತುವುದರಲ್ಲಿ ಸಿ ಕ್ಲಾಂಪಿಗೆ ತೀರ ಸಮೀಪದ್ದು.

ಸುತ್ತಿಗೆಯಿಂದ ಹೊಡೆಯುವ ಬಗೆಯೂ ಒಂದಿದೆ. ಒಳಗೆ ಅಯಸ್ಕಾಂತವಿರುವ ಒಂದು ಕೊಳವೆಯನ್ನು ಬಟ್ಟಲಿನ ಮೇಲಿಟ್ಟು ಒಂದು ಪೆಟ್ಟು ಕೊಟ್ಟರೆ ಸ್ಪ್ರಿಂಗು ಕ್ಷಣಕಾಲ ಕುಗ್ಗಿ, ಲಾಕುಗಳು ಬಿಡಿಸಿಕೊಂಡು ಅಯಸ್ಕಾಂತಕ್ಕೆ ಅಂಟುತ್ತವೆ. ನೋಡಲು ಇಂದ್ರಜಾಲದಂತಿದೆ, ಬೆಲೆಯೂ ಕಡಿಮೆ. ವಾಲ್ವಿನ ತಲೆಯ ಕೆಳಗೆ ಮರದ ಕೊರಡನ್ನಿಟ್ಟು, ಮೇಜಿನ ಮೇಲಿರುವ ಹೆಡ್ಡಿನಲ್ಲಿ, ದಪ್ಪ ಕಾಂಡದ ಹಳೆಯ ವಾಲ್ವುಗಳಿಗೆ ಇದನ್ನು ಬಳಸುವುದನ್ನು ನಾನು ಆಕ್ಷೇಪಿಸಲಾರೆ. ಐದಾರು ಮಿಲಿಮೀಟರಿನ ಕಾಂಡಗಳಿಗೆ ಬಳಸುವುದನ್ನು ಸಮರ್ಥಿಸಲಾರೆ.

ದೇವದುರ್ಗದ ಕಡೆ ಹತ್ತಿ ಬಿಡಿಸುವ ಆಳುಗಳನ್ನು ಹೊತ್ತು ತಿರುಗುವ ಕ್ರೂಸರಿಗೆ ಈ ಸೂಕ್ಷ್ಮಗಳೆಲ್ಲ ಅನ್ವಯಿಸುವುದಿಲ್ಲ. ಬಹುಕಾಲ ಅದರಲ್ಲಿದ್ದುದು ಮರ್ಸಿಡಿಸ್ ಮೂಲದ 2.6 ಲೀಟರಿನ ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನು, ಸಿಲಿಂಡರಿಗೆ ಎರಡೇ ವಾಲ್ವು. ಮಧ್ಯಮ ಗಾತ್ರದ ಸಿ ಕ್ಲಾಂಪಿನಿಂದ ಸುಖವಾಗಿ ಮುಗಿಯುತ್ತದೆ. ಸ್ವಿಫ್ಟಿನಲ್ಲೂ ಇಂಡಿಕಾ ವಿಸ್ಟಾದಲ್ಲೂ ಇದ್ದ 1248 ಸಿಸಿಯ ಫಿಯಟ್ ಡೀಸೆಲ್ ಎಂಜಿನಾದರೋ ಹದಿನಾರು ವಾಲ್ವಿನದು. ಅದನ್ನು ಮನೆಯಂಗಳದಲ್ಲಿ ಬಿಚ್ಚುವ ಸಾಹಸಕ್ಕೆ ಹೋಗದೆ, ಹೆಡ್ಡಿನ ಕೆಲಸವನ್ನೇ ಮಾಡುವ ರಾಯಚೂರಿನ ಅಂಗಡಿಗೆ ಒಪ್ಪಿಸುವುದು ಮೇಲು.

ಕೊಳ್ಳುವುದಾದರೆ ಎಲ್ಲಿ? ರಾಯಚೂರಿಗೆ ಬೆಂಗಳೂರಿನ ಜೆ.ಸಿ. ರಸ್ತೆಗಿಂತ ಹೈದರಾಬಾದಿನ ಕಡೆಯ ರಾಣಿಗಂಜು ಅರ್ಧದಷ್ಟೇ ದೂರ, ರೈಲಿನ ಅನುಕೂಲವೂ ಉಂಟು. ಅಲ್ಲಿ ಸಿಗುವ ಕೈಸಲಕರಣೆಗಳಲ್ಲಿ ಬಹುಪಾಲು ಜಲಂಧರ, ಲುಧಿಯಾನಗಳಿಂದ ಬಂದವು. ಮೂರು ಊರುಗಳಿಗೂ ಒಂದೇ ಸಲಹೆ ಕೊಡುವಂತಿಲ್ಲ. ರಾಯಚೂರಿನಲ್ಲಿ ನಿತ್ಯವೂ ನಾನಾ ಕಾರುಗಳನ್ನು ಕಾಣುವ ಗ್ಯಾರೇಜು ಬಳೆಗಳ ಪೆಟ್ಟಿಗೆಯೊಡನೆ ಸಿ ಕ್ಲಾಂಪನ್ನೂ ಸೇತುವೆಯನ್ನೂ ಎರಡನ್ನೂ ಇಟ್ಟುಕೊಳ್ಳಬೇಕು. ಸುಮಾರು 45 ಕಿಲೋಮೀಟರು ದೂರದ ಮಾನ್ವಿಯವರು ತಮ್ಮಲ್ಲಿರುವ ಟ್ರ್ಯಾಕ್ಟರಿನ ಕ್ಲಾಂಪಿಗೆ ಲೇತಿನಿಂದ ಎರಡು ಸಣ್ಣ ಕೊಳವೆಗಳನ್ನು ಮಾಡಿಸಿಕೊಂಡರೆ ಹೊಸದು ಬೇಕಾಗದು. ತನ್ನ ಒಂದೇ ಕಾರಿಗಾಗಿ ಒಮ್ಮೆ ಮಾತ್ರ ಈ ಕೆಲಸ ಮಾಡಿಕೊಳ್ಳುವ ದೇವದುರ್ಗದ ಗೃಹಸ್ಥನು ಯಾವುದನ್ನೂ ಕೊಳ್ಳಬಾರದು. ಎರವಲು ತರಬೇಕು, ಅಥವಾ ಹೆಡ್ಡನ್ನೇ ಗೋಣಿಯಲ್ಲಿ ಸುತ್ತಿ ರಾಯಚೂರಿನ ಬಸ್ಸಿಗೆ ಏರಿಸಬೇಕು.

ಉಪಕರಣ ಕೈಗೆ ಬಂದ ಮೇಲೂ ಅದನ್ನು ತಿರುಗಿಸುವ ಮೊದಲು ಮಾಡಬೇಕಾದುದೊಂದಿದೆ. ವರ್ಷಗಟ್ಟಲೆಯ ಒತ್ತಡದಿಂದ ಲಾಕುಗಳು ಬಟ್ಟಲಿಗೆ ಅಂಟಿಕೊಂಡಿರುತ್ತವೆ. ಹಾಗೆಯೇ ತಿರುಪನ್ನು ಬಿಗಿಯುತ್ತ ಹೋದರೆ ಸ್ಪ್ರಿಂಗು ಕುಗ್ಗುವ ಬದಲು ಕ್ಲಾಂಪಿನ ಚೌಕಟ್ಟೇ ಬಾಗುತ್ತದೆ. ಬಟ್ಟಲಿನ ಅಂಚಿಗೆ ಸರಿಹೊಂದುವ ಸಾಕೆಟ್ಟನ್ನಿಟ್ಟು ಸುತ್ತಿಗೆಯಿಂದ ಒಂದು ಹದವಾದ ಪೆಟ್ಟು ಕೊಟ್ಟರೆ, ಠಣ್ ಎಂಬ ಸದ್ದು ಒಮ್ಮೆಲೆ ಮೊಂಡಾಗಿ, ಅಂಟು ಬಿಟ್ಟಿತೆಂದು ಕಿವಿಗೇ ಗೊತ್ತಾಗುತ್ತದೆ. ಆಮೇಲೆ ತಿರುಪು ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಹೆಡ್ಡು ಎಂಜಿನಿನ ಮೇಲೆಯೇ ಇದ್ದರೆ ಈ ಪೆಟ್ಟಿಗೆ ಮುಂಚೆಯೇ ಹಗ್ಗ ಒಳಗೆ ಬಿಗಿಯಾಗಿರಬೇಕು, ಎಣ್ಣೆ ಇಳಿಯುವ ರಂಧ್ರಗಳಿಗೆಲ್ಲ ಬಟ್ಟೆ ತುರುಕಿರಬೇಕು, ಇಲ್ಲವಾದರೆ ಕೈತಪ್ಪಿದ ಲಾಕು ನೇರವಾಗಿ ಸಂಪಿಗೆ ಇಳಿಯುತ್ತದೆ. ಆ ಬಟ್ಟೆ ನೂಲು ಬಿಡದ ಹಳೆಯ ಅಂಗಿಯ ತುಂಡಾಗಿರಲಿ. ಗ್ಯಾರೇಜಿನಲ್ಲಿ ಕೈಯೊರಸುವ ಹತ್ತಿಯ ವೇಸ್ಟಿನ ಒಂದೆರಡು ಎಳೆ ಸಾಕು, ಎಣ್ಣೆಯ ಕಿರುದಾರಿಯನ್ನು ಕಟ್ಟಿಬಿಡಲು. ಎರೆಮಣ್ಣಿನ ಧೂಳು ಏಳುವ ಗಾಳಿಯ ದಿನ ತೆರೆದ ಹೆಡ್ಡನ್ನು ಮುಚ್ಚದೆ ಊಟಕ್ಕೆ ಏಳಬಾರದು.

ಹೊರಬಂದ ಸ್ಪ್ರಿಂಗನ್ನು ತೀರ್ಪಿಲ್ಲದೆ ಎಸೆಯುವುದೂ ತಪ್ಪು, ವಿಚಾರಿಸದೆ ಮರಳಿ ಹಾಕುವುದೂ ತಪ್ಪು. ಹಳೆಯದನ್ನೂ ಹೊಸದನ್ನೂ ತುದಿಗೆ ತುದಿ ಸೇರಿಸಿ ವೈಸಿನಲ್ಲಿ ಹಿಡಿದು ಮೆಲ್ಲನೆ ಬಿಗಿದರೆ, ಸೋತದ್ದು ಮೊದಲು ಕುಗ್ಗಿ ತನ್ನ ಅವಸ್ಥೆಯನ್ನು ತಾನೇ ಒಪ್ಪಿಕೊಳ್ಳುತ್ತದೆ. ಮೂಲೆಮಟ್ಟವನ್ನು ಪಕ್ಕಕ್ಕಿಟ್ಟು ಅದು ನೆಟ್ಟಗೆ ನಿಲ್ಲುತ್ತದೆಯೇ ಎಂದು ನೋಡುವುದೂ ಅವಶ್ಯ. ಸುತ್ತುಗಳು ಒಂದು ಕಡೆ ಒತ್ತಾಗಿಯೂ ಇನ್ನೊಂದು ಕಡೆ ವಿರಳವಾಗಿಯೂ ಇರುವ ಸ್ಪ್ರಿಂಗಾದರೆ ಸಾಮಾನ್ಯವಾಗಿ ಒತ್ತಾದ ಕಡೆ ಹೆಡ್ಡಿನ ಕಡೆಗೆ ಬರಬೇಕು. ತಿರುವುಮುರುವಾದರೆ ವೇಗದಲ್ಲಿ ಚಲಿಸುವ ಭಾರ ಹೆಚ್ಚುತ್ತದೆ.

ಸ್ಪ್ರಿಂಗಿನ ಉಪದ್ರವವೇ ಬೇಡವೆಂದು ಅದನ್ನು ಬಿಟ್ಟವರೂ ಇದ್ದಾರೆ. ಇಟಲಿಯ ಡುಕಾಟಿ ಸಂಸ್ಥೆಯ ಫಾಬಿಯೊ ಟಾಲಿಯೋನಿ 1956ರಲ್ಲಿ ವಾಲ್ವನ್ನು ತೆರೆಯಲು ಒಂದು ಕ್ಯಾಮು, ಮುಚ್ಚಲು ಇನ್ನೊಂದು ಕ್ಯಾಮು ಇರುವ ರೇಸಿನ ಮೋಟಾರು ಸೈಕಲ್ಲನ್ನು ರೂಪಿಸಿದನು. ರೆನೋ ಕಂಪನಿಯು 1986ರಲ್ಲಿ ತನ್ನ ಫಾರ್ಮುಲಾ ಒನ್ ಎಂಜಿನಿಗೆ ಉಕ್ಕಿನ ಸುರುಳಿಯ ಬದಲು ಒತ್ತಿದ ಅನಿಲವನ್ನು ತುಂಬಿತು. ಮಾನ್ವಿಯ ಸಂತೆಗೆ ಹೋಗಿಬರುವ ಕಾರಿಗೆ ಆ ವೈಭವ ಅನಗತ್ಯ.

ಮರಳಿ ಜೋಡಿಸುವಾಗ ಎರಡು ಲಾಕುಗಳ ಒಳಮೈಗೂ ಗ್ರೀಸು ಸವರಿದರೆ ಅವು ಕಾಂಡಕ್ಕೆ ಅಂಟಿಕೊಂಡು ನಿಲ್ಲುತ್ತವೆ, ಆಗ ತಿರುಪನ್ನು ನಿಧಾನವಾಗಿ ಸಡಿಲಿಸಬಹುದು. ಕ್ಲಾಂಪನ್ನು ತೆಗೆದ ಮೇಲೆ ಕಾಂಡದ ತುದಿಗೆ ರಬ್ಬರಿನ ಸುತ್ತಿಗೆಯಿಂದ ಎರಡು ಮೃದುವಾದ ಏಟು ಹಾಕಿ, ಕಣ್ಣನ್ನು ಮಟ್ಟಕ್ಕೆ ತಂದು, ಎರಡು ಹೋಳುಗಳ ತಲೆಗಳೂ ಒಂದೇ ಎತ್ತರದಲ್ಲಿವೆಯೇ, ಅವುಗಳ ನಡುವಿನ ಸಂದು ಎರಡೂ ಕಡೆ ಸಮನಾಗಿದೆಯೇ ಎಂದು ನೋಡಬೇಕು. ಒಂದು ಏರಿ ಒಂದು ಇಳಿದಿದ್ದರೆ ಕ್ಲಾಂಪನ್ನು ಮತ್ತೆ ಏರಿಸಿ. ಅಷ್ಟಾಗದೆ ಕ್ಯಾಮ್ ಷಾಫ್ಟನ್ನು ಕೂಡಿಸುವ ಮಾತೇ ಇಲ್ಲ.